ಹೊಸದನ್ನು ಕೊಟ್ಟು ಹಳೆಯದನ್ನು ಕೊಳ್ಳುವುದು ಅವಿವೇಕವೆ?

ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಸದಸ್ಯರೂ ನನಗೆ ಬಹುಕಾಲದ ಮಿತ್ರರೂ ಆದ ಲೇಖಕರೊಬ್ಬರು, ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಎಂಜಿನಿಯರಾಗಿರುವ ನಮ್ಮ ಜಿಲ್ಲೆಯ ತರುಣನೊಬ್ಬನನ್ನು ಪರಿಹಾಸಕ್ಕೆ ಗುರಿಮಾಡಿದ್ದಾರೆ. ಆ ತರುಣನು ತನ್ನಲ್ಲಿದ್ದ ಹೊಸ ಪೋರ್ಷೆ 911 ಮೋಟಾರನ್ನು ಮಾರಿ, ಅದೇ ಹೆಸರಿನ, 1987ನೆಯ ಇಸವಿಯ ಹಳೆಯ ಮೋಟಾರನ್ನು ಕೊಂಡನಂತೆ. ಲೋಕವೆಲ್ಲ ಮುಂದಕ್ಕೆ ನಡೆಯುತ್ತಿರಲು ಹಿಂದಕ್ಕೆ ನಡೆಯುವ ಈ ಬುದ್ಧಿಯು ಪಾಠಶಾಲೆಯ ಬುದ್ಧಿಯೆಂದೂ, ಸಮುದ್ರವನ್ನು ದಾಟಿದರೂ ನಮ್ಮವರನ್ನು ಇದು ಬಿಡಲಿಲ್ಲವೆಂದೂ ಮಿತ್ರರು ತೀರ್ಪು ಕೊಟ್ಟಿದ್ದಾರೆ.

ಪಾಠಶಾಲೆಯಲ್ಲಿ ಓದಿದವನು ನಾನು. ಆದುದರಿಂದ ಉತ್ತರವನ್ನು ಹೇಳುವ ಭಾರವು ನನ್ನ ಮೇಲೆ ಬಿದ್ದಿದೆ. ಎದುರಾಳಿಯ ಪಕ್ಷವನ್ನು ಅವನಿಗಿಂತಲೂ ಬಲವಾಗಿ ಹೇಳಿದ ಹೊರತು ಅದನ್ನು ಖಂಡಿಸಲು ನಿನಗೆ ಅಧಿಕಾರವಿಲ್ಲವೆಂಬುದು ಅಲ್ಲಿ ನಮಗೆ ಕಲಿಸಿದ ಮೊದಲನೆಯ ಪಾಠ. ಅದರಂತೆಯೇ ನಡೆಯುವೆನು.

ಈ 911 ಎಂಬ ಬಂಡಿಯು 1963ನೆಯ ಇಸವಿಯಲ್ಲಿ ಫ್ರಾಂಕ್‌ಫರ್ಟಿನ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಆಗ ಅದರ ಅಂಕಿತವು 901. ಫ್ರಾನ್ಸಿನ ಪ್ಯೂಜೋ ಸಂಸ್ಥೆಯವರು ಆಕ್ಷೇಪಿಸಿದುದರಿಂದ 1964ರಲ್ಲಿ 911 ಎಂದಾಯಿತು. ಇದರ ಎಂಜಿನ್ನು ಹಿಂದಿನ ಚಕ್ರಗಳಿಗಿಂತಲೂ ಹಿಂದಿರುವುದು. ಆ ಎಂಜಿನ್ನನ್ನು ನೀರಿನಿಂದಲ್ಲದೆ ಗಾಳಿಯಿಂದ ತಂಪುಗೊಳಿಸುವ ಪದ್ಧತಿಯು 1998ರವರೆಗೂ ನಡೆದು ಬಂದು ಅಲ್ಲಿಗೆ ನಿಂತಿತು. 1987ರ ಕರೇರಾ ಬಂಡಿಗೆ 231 ಅಶ್ವಶಕ್ತಿ. 2019ರ ಹೊಸ ಕರೇರಾ ಬಂಡಿಗೆ 385. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮುಟ್ಟಲು ಹಳೆಯದಕ್ಕೆ ಆರು ಸೆಕೆಂಡುಗಳ ಮೇಲೆ ಬೇಕು, ಹೊಸದಕ್ಕೆ 4.2 ಸೆಕೆಂಡು ಸಾಕು. ಚಕ್ರವು ಕಚ್ಚಿಕೊಂಡು ಜಾರದಂತೆ ಬ್ರೇಕನ್ನು ನಿಯಂತ್ರಿಸುವ ಉಪಕರಣವು ಹಳೆಯದರಲ್ಲಿ ಇಲ್ಲ. ಸ್ಟಿಯರಿಂಗನ್ನು ಹಗುರಮಾಡುವ ಸಹಾಯವಿಲ್ಲ; ಬಂಡಿಯು ಅಡ್ಡತಿರುಗುವುದನ್ನು ತಡೆಯುವ ಸಾಧನವಿಲ್ಲ; ಗಾಳಿಚೀಲವಿಲ್ಲ. ಆ ಕಾಲದ ಅನೇಕ ಬಂಡಿಗಳಲ್ಲಿ ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಇರಲಿಲ್ಲ.

ಇನ್ನೂ ಒಂದು ಮಾತನ್ನು ಮಿತ್ರರ ಪರವಾಗಿ ನಾನೇ ಸೇರಿಸುವೆನು. 1970ರಲ್ಲಿ ಪಶ್ಚಿಮ ಜರ್ಮನಿಯೊಂದರಲ್ಲಿಯೇ ರಸ್ತೆಯ ಅಪಘಾತಗಳಿಂದ ಸತ್ತವರು 19,000ಕ್ಕಿಂತ ಹೆಚ್ಚು. 2023ರಲ್ಲಿ ಒಂದುಗೂಡಿದ ಜರ್ಮನಿಯಲ್ಲಿ ಸತ್ತವರು 3,000ಕ್ಕಿಂತ ಕಡಿಮೆ. ಸೀಟ್ ಬೆಲ್ಟು, ಬ್ರೇಕಿನ ನಿಯಂತ್ರಣ, ಕಾನೂನು, ಒಳ್ಳೆಯ ರಸ್ತೆ, ವೈದ್ಯರ ಸಾಮರ್ಥ್ಯ ಇವೆಲ್ಲವೂ ಸೇರಿ ಉಳಿಸಿದ ಪ್ರಾಣಗಳಿವು. ಬ್ರೇಕನ್ನು ನಿಯಂತ್ರಿಸುವ ಆ ಉಪಕರಣವನ್ನು 1978ರಲ್ಲಿ ಮಾರುಕಟ್ಟೆಗೆ ತಂದ ಬಾಷ್ ಸಂಸ್ಥೆಯು ಸ್ಟುಟ್‌ಗಾರ್ಟಿನಲ್ಲಿಯೇ ಹುಟ್ಟಿದುದು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಎಂಬ ಹೆಸರಿನಿಂದ ನಮ್ಮ ಎಷ್ಟೋ ಮನೆಗಳಿಗೆ ಅನ್ನವನ್ನಿಟ್ಟುದೂ ಅದೇ. ಇಂತಹ ಉಪಕಾರವನ್ನು ತಿರಸ್ಕರಿಸುವುದು ಕೃತಘ್ನತೆಯಲ್ಲವೆ? ಪೂರ್ವಪಕ್ಷವು ಇಷ್ಟು ಬಲವಾದುದು.

ಇನ್ನು ಸಿದ್ಧಾಂತವನ್ನು ಕೇಳಬೇಕು.

ಯಾವ ವಸ್ತುವಿನ ಗುಣದೋಷಗಳನ್ನು ತೂಗಬೇಕಾದರೂ ಮೊದಲು ಅದರ ಪ್ರಯೋಜನವನ್ನು ನಿರ್ಣಯಿಸಬೇಕು. ಕಚೇರಿಗೆ ಹೋಗುವ ಬಂಡಿ, ಮಕ್ಕಳನ್ನು ಶಾಲೆಗೆ ಒಯ್ಯುವ ಬಂಡಿ, ರೋಗಿಯನ್ನು ಆಸ್ಪತ್ರೆಗೆ ಸೇರಿಸುವ ಬಂಡಿ, ಇವುಗಳ ಪ್ರಯೋಜನವು ಕ್ಷೇಮವಾಗಿ ತಲಪುವುದು. ಅಲ್ಲಿ ಹೊಸದೇ ಶ್ರೇಷ್ಠ. ಇದರಲ್ಲಿ ವಿವಾದವೇ ಇಲ್ಲ. ಆದರೆ ಎರಡು ದೊಡ್ಡ ಆಸನಗಳೂ ಹೆಸರಿಗೆ ಮಾತ್ರ ಹಿಂದಿನ ಎರಡು ಆಸನಗಳೂ ಇರುವ ಕ್ರೀಡಾವಾಹನವನ್ನು ತಲಪುವುದಕ್ಕಾಗಿ ಯಾರೂ ಕೊಳ್ಳುವುದಿಲ್ಲ. ತಲಪುವುದಕ್ಕೆ ಸ್ಟುಟ್‌ಗಾರ್ಟಿನಲ್ಲಿ ರೈಲೂ ಟ್ರಾಮೂ ಬೇಕಾದಷ್ಟು ಇವೆ. ಕ್ರೀಡೆ ಎಂಬ ಶಬ್ದವೇ ಹೇಳುವಂತೆ, ನಡೆಸುವವನು ತಾನು ನಡೆಸುವ ಸಂತೋಷಕ್ಕಾಗಿ ನಡೆಸುವ ಬಂಡಿ ಅದು. ಹಾಗಿರುವಾಗ, ಬಂಡಿಯು ಎಷ್ಟನ್ನು ತಾನೇ ಮಾಡುತ್ತದೆ ಎಂಬುದು ಅಲ್ಲಿ ಅಳತೆಯಲ್ಲ. ನಡೆಸುವವನಿಗೆ ಎಷ್ಟನ್ನು ಬಿಟ್ಟುಕೊಡುತ್ತದೆ ಎಂಬುದೇ ಅಳತೆ. ಧ್ವನಿಮುದ್ರಣದ ಯಂತ್ರವು ಎಂದಿಗೂ ಅಪಸ್ವರವನ್ನು ನುಡಿಸದು; ಆ ಕಾರಣದಿಂದ ವೀಣೆಯನ್ನು ಕಲಿಯುವವನು ಅವಿವೇಕಿಯೆ?

ಹಳೆಯ ಬಂಡಿಯು ಏನನ್ನು ಬಿಟ್ಟುಕೊಡುತ್ತದೆಂಬುದನ್ನು ನೋಡೋಣ. ರಸ್ತೆಯ ಉಬ್ಬುತಗ್ಗುಗಳೆಲ್ಲವೂ ಸ್ಟಿಯರಿಂಗಿನ ಮೂಲಕ ನೇರವಾಗಿ ಅಂಗೈಗೆ ತಿಳಿಯುತ್ತವೆ. ಗೇರನ್ನು ಕೈಯಿಂದಲೂ ಕ್ಲಚ್ಚನ್ನು ಕಾಲಿನಿಂದಲೂ ಸಮಯವರಿತು ಹೊಂದಿಸಬೇಕು. ಎಣ್ಣೆಯ ಮಟ್ಟವನ್ನು ನೋಡಬೇಕಾದರೆ ಎಂಜಿನ್ನು ಬಿಸಿಯಾಗಿ, ನಡೆಯುತ್ತಿರುವಾಗಲೇ, ಸಮತಲದಲ್ಲಿ ನಿಲ್ಲಿಸಿ ನೋಡಬೇಕು. ಅಂದರೆ ಯಜಮಾನನಿಗೆ ಬಂಡಿಯ ಪ್ರಕೃತಿಯು ತಿಳಿದಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು ತಿರುವಿನ ಪಾಠ. ಭಾರವೆಲ್ಲ ಹಿಂದಿರುವುದರಿಂದ, ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ತೆಗೆದರೆ, ಹಿಂದಿನ ಚಕ್ರಗಳು ಹಿಡಿತವನ್ನು ಕಳೆದುಕೊಂಡು ಬಂಡಿಯ ಬಾಲವು ಹೊರಕ್ಕೆ ಬೀಸುವುದು. ತಯಾರಿಸಿದವರಿಗೂ ಇದು ತಿಳಿದಿತ್ತು. 1968ರಲ್ಲಿ ಮುಂದಿನ ಹಿಂದಿನ ಚಕ್ರಗಳ ನಡುವಣ ಅಂತರವನ್ನು 57 ಮಿಲಿಮೀಟರಿನಷ್ಟು ಹೆಚ್ಚಿಸಿ ಈ ದೋಷವನ್ನು ತಗ್ಗಿಸಿದರು. ಆದರೆ ಪೂರ್ತಿಯಾಗಿ ನೀಗಲಿಲ್ಲ. ಆದುದರಿಂದ ನಡೆಸುವವನು ತಿರುವಿಗೆ ಮೊದಲೇ ವೇಗವನ್ನು ಇಳಿಸಬೇಕು, ತಿರುವನ್ನು ಕಣ್ಣಿನಿಂದ ಅಳೆಯಬೇಕು, ಒಳಹೊಕ್ಕ ಮೇಲೆ ಮನಸ್ಸನ್ನು ಬದಲಿಸಕೂಡದು. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಗೆ ಇಲ್ಲಿ ಅವಕಾಶವಿಲ್ಲ. ತಪ್ಪಾದರೆ ತಪ್ಪು ನಿನ್ನದು. ಸರಿಯಾದರೆ ಆ ಸಂತೋಷವೂ ನಿನ್ನದೇ.

ಹೊಸದರಲ್ಲಿ ಈ ಕೆಲಸಗಳೆಲ್ಲ ಏನಾದವು? ಗೇರನ್ನು ಯಂತ್ರವು ತಾನೇ ಆರಿಸಿಕೊಳ್ಳುತ್ತದೆ. ಸ್ಟಿಯರಿಂಗಿಗೆ 2011ರಿಂದ ವಿದ್ಯುತ್ತಿನ ಮೋಟಾರು ಸಹಾಯಕವಾಗಿದೆ. ನಡೆಸುವವನು ತಪ್ಪಿದರೆ ಯಂತ್ರವು ಒಂದೊಂದು ಚಕ್ರಕ್ಕೆ ಬೇಕಾದಷ್ಟೇ ಬ್ರೇಕನ್ನು ಹಾಕಿ, ತಪ್ಪು ನಡೆದುದೇ ಅವನಿಗೆ ತಿಳಿಯದಂತೆ ಸರಿಪಡಿಸುತ್ತದೆ. ವಿದ್ಯಾರ್ಥಿಯ ತಪ್ಪನ್ನು ಅವನಿಗೆ ತೋರಿಸದೆ ತಾನೇ ತಿದ್ದಿ ಪೂರ್ಣಾಂಕವನ್ನು ಕೊಡುವ ಉಪಾಧ್ಯಾಯನನ್ನು ನಾವು ದಯಾಳುವೆಂದು ಹೊಗಳುವುದಿಲ್ಲ.

ಇದು ನನ್ನ ಕಲ್ಪನೆಯಲ್ಲ. ತಯಾರಕರೇ ಒಪ್ಪಿಕೊಂಡ ಸಂಗತಿ. ಬಂಡಿಯೊಳಗೆ ಮೌನವು ಹೆಚ್ಚಿದಾಗ, ಎಂಜಿನ್ನಿನ ಶಬ್ದವನ್ನು ಕೊಳವೆಯ ಮೂಲಕ ಒಳಗೆ ತಂದು ಕೇಳಿಸುವ ಸಾಧನವನ್ನು ಪೋರ್ಷೆಯವರೇ ಜೋಡಿಸಿದರು. 2011ರ ಬಿಎಂಡಬ್ಲ್ಯು ಎಂ5 ಬಂಡಿಯಲ್ಲಿಯಾದರೋ ಎಂಜಿನ್ನಿನ ಸದ್ದನ್ನು ಧ್ವನಿವರ್ಧಕದಿಂದ ನುಡಿಸಿದರು. ಊಟದ ರುಚಿಯನ್ನು ತೆಗೆದುಹಾಕಿ, ಆಮೇಲೆ ಅದರ ವಾಸನೆಯನ್ನು ಬೀಸಣಿಗೆಯಿಂದ ಬೀಸಿದಂತಾಯಿತು. 2016ರಲ್ಲಿ ಪೋರ್ಷೆಯವರು 911 ಆರ್ ಎಂಬ ಮಾದರಿಯನ್ನು ಕೈಗೇರಿನೊಡನೆ ಮಾತ್ರ ತಯಾರಿಸಿ 991 ಬಂಡಿಗಳಿಗೆ ನಿಲ್ಲಿಸಿದರು. ಸ್ವಯಂಚಾಲಿತವಾದ ಗೇರು ಹೆಚ್ಚು ವೇಗವಾದುದೆಂದು ಅವರಿಗೆ ತಿಳಿಯದೆ? ತಿಳಿದೂ ನಿಧಾನವಾದುದನ್ನೇ ಕೊಟ್ಟರು. ಜನರು ಅದಕ್ಕಾಗಿ ಹಾತೊರೆದರು. ವೇಗವೇ ಪ್ರಯೋಜನವಲ್ಲವೆಂಬುದಕ್ಕೆ ಬೇರೆ ಪ್ರಮಾಣವು ಏಕೆ ಬೇಕು?

ಇನ್ನು ಅಪಾಯದ ಆಕ್ಷೇಪ. ನಿತ್ಯದ ಓಡಾಟಕ್ಕೂ ಹೆಂಡತಿ ಮಕ್ಕಳ ಪ್ರಯಾಣಕ್ಕೂ ಹಳೆಯ ಬಂಡಿಯನ್ನು ಉಪಯೋಗಿಸುವವನನ್ನು ನಾನು ಸಮರ್ಥಿಸೆನು. ಆದರೆ ರಜದ ದಿನ, ಒಣ ರಸ್ತೆಯಲ್ಲಿ, ಬೆಲ್ಟನ್ನು ಬಿಗಿದುಕೊಂಡು ಹೊರಡುವವನ ವಿಷಯದಲ್ಲಿ ಮಿತ್ರರು ಒಂದು ಲೆಕ್ಕವನ್ನು ಮರೆತಿದ್ದಾರೆ. ಜರ್ಮನಿಯಲ್ಲಿ ಊರ ಹೊರಗಣ ಸಾಮಾನ್ಯ ರಸ್ತೆಯ ವೇಗಮಿತಿಯು ಗಂಟೆಗೆ 100 ಕಿಲೋಮೀಟರ್. ಹೊಸ ಬಂಡಿಯು ನಾಲ್ಕು ಸೆಕೆಂಡುಗಳು ಮುಗಿಯುತ್ತಿದ್ದಂತೆಯೇ ಈ ಮಿತಿಯನ್ನು ಮುಟ್ಟುತ್ತದೆ. ಅಲ್ಲಿಗೆ ಅದರ ಕ್ರೀಡೆಯು ಮುಗಿಯಿತು. ಉಳಿದ ಶಕ್ತಿಯನ್ನು ಅನುಭವಿಸಬೇಕಾದರೆ ಕಾನೂನನ್ನು ಮುರಿಯಬೇಕು. ಇಲ್ಲವೆ ಮಿತಿಯಿಲ್ಲದ ಆಟೋಬಾನ್ ಹೆದ್ದಾರಿಗೆ ಹೋಗಿ ನೆಟ್ಟಗೆ ಓಡಬೇಕು, ಅದರಲ್ಲಿ ಕೌಶಲವೆಷ್ಟು? ಹಳೆಯ ಬಂಡಿಯಾದರೋ 70, 80ರ ವೇಗದಲ್ಲಿಯೇ ನಡೆಸುವವನ ಕೈ, ಕಾಲು, ಕಣ್ಣುಗಳಿಗೆಲ್ಲ ಪೂರ್ಣವಾದ ಕೆಲಸವನ್ನು ಕೊಡುತ್ತದೆ. ಅಲ್ಪವೇಗದಲ್ಲಿ ತೃಪ್ತಿಯನ್ನು ಕೊಡುವುದೂ ಒಂದು ಬಗೆಯ ರಕ್ಷಣೆಯೇ ಅಲ್ಲವೆ?

ಹೊಗೆಯ ಆಕ್ಷೇಪವು ನಿಜವಾದುದು, ಅದನ್ನು ತಳ್ಳಿಹಾಕಲಾಗದು. ಕಿಲೋಮೀಟರೊಂದಕ್ಕೆ ಹಳೆಯದು ಹೆಚ್ಚು ಮಲಿನ. ಆದರೆ ಆ ದೇಶದ ಕಾನೂನು ಇದನ್ನು ಯೋಚಿಸಿಯೇ ಇದೆ. ಮೂವತ್ತು ವರ್ಷಗಳನ್ನು ದಾಟಿ, ಮೂಲಸ್ವರೂಪದಲ್ಲಿ ಚೆನ್ನಾಗಿ ಉಳಿದಿದೆಯೆಂದು ಪರೀಕ್ಷಕರು ಒಪ್ಪಿದ ಬಂಡಿಗೆ, 1997ರಿಂದ, ಸಂಖ್ಯೆಯ ಕೊನೆಯಲ್ಲಿ ಎಚ್ ಅಕ್ಷರವುಳ್ಳ ಫಲಕವನ್ನು ಕೊಡುತ್ತಾರೆ. ಹೊಗೆಯನ್ನು ನಿರ್ಬಂಧಿಸಿದ ನಗರಭಾಗಗಳಲ್ಲಿಯೂ ಅದಕ್ಕೆ ಪ್ರವೇಶವುಂಟು. ಈ ರಿಯಾಯಿತಿಯು ನಿಲ್ಲುವುದು ಮಿತವಾದ ಬಳಕೆಯ ನಂಬಿಕೆಯ ಮೇಲೆ. ಆ ಮಿತಿಯನ್ನು ಮೀರಿ ದಿನವೂ ಓಡಿಸುವವನು ಕಾನೂನಿನ ಔದಾರ್ಯವನ್ನು ಕದ್ದವನೇ ಸರಿ.

ಹಳೆಯ ಕಾಲದ ಹಂಬಲವೆಂಬ ಆಕ್ಷೇಪಕ್ಕೆ ಎರಡು ಮಾತು ಸಾಕು. ಹಂಬಲಕ್ಕೆ ನೆನಪು ಬೇಕು. ಈ ತರುಣನಿಗೆ ಈಗ ಮೂವತ್ತೈದು ವರ್ಷ. ಬಂಡಿಯು ಕಾರ್ಖಾನೆಯಿಂದ ಹೊರಬಿದ್ದಾಗ ಅವನು ಹುಟ್ಟಿಯೇ ಇರಲಿಲ್ಲ. ಇಲ್ಲದ ನೆನಪಿಗಾಗಿ ಹಂಬಲಿಸುವುದು ಹೇಗೆ? ಅವನು ಹಿಂದಕ್ಕೆ ಹೋದುದಲ್ಲ. ತನಗೆ ಎಂದೂ ದೊರೆಯದಿದ್ದುದನ್ನು ಹುಡುಕಿಕೊಂಡು ಹೋದುದು.

ಇಷ್ಟನ್ನು ಹೇಳಿದ ಮೇಲೆ, ನನ್ನ ಪಕ್ಷದವರೆಂದು ಹೇಳಿಕೊಂಡು ಬರುವ ಕೆಲವರನ್ನು ದೂರವಿಡುವುದು ಅಗತ್ಯವಾಗಿದೆ. ಮಿತ್ರರ ಲೇಖನಕ್ಕಿಂತ ಇವರೇ ನನಗೆ ಹೆಚ್ಚಿನ ವಿರೋಧಿಗಳು. ಗಾಳಿಯಿಂದ ತಂಪಾಗುವ 911 ಬಂಡಿಗಳು ಇನ್ನು ತಯಾರಾಗುವುದಿಲ್ಲವಾದುದರಿಂದ ಅವುಗಳ ಬೆಲೆಯು ಏರಿತು. ಏರಿದುದನ್ನು ಕಂಡು ಧನಿಕರು ಅವುಗಳನ್ನು ಕೊಂಡು, ಹೊದಿಕೆಯನ್ನು ಹೊದಿಸಿ, ಬೀಗವನ್ನು ಹಾಕಿ, ಬೆಲೆಯು ಮತ್ತೂ ಏರಲೆಂದು ಕಾದಿದ್ದಾರೆ. ಓಡಿದರೆ ಮೌಲ್ಯವು ಇಳಿಯುವುದೆಂದು ಓಡಿಸುವುದೇ ಇಲ್ಲ. ಇವರು ವಸ್ತುಪ್ರೇಮಿಗಳಲ್ಲ, ಬಡ್ಡಿಯ ಪ್ರೇಮಿಗಳು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿಯೂ ಹಳೆಯ ಮೋಟಾರುಗಳು ನಿಂತೇ ಇವೆಯಲ್ಲವೆ ಎಂದು ಕೇಳಬಹುದು. ಅಲ್ಲಿ ಸಾವಿರಾರು ಜನರು ನೋಡಿ ತಿಳಿಯುತ್ತಾರೆ. ಅದು ಗುಡಿಯಲ್ಲಿ ಹಚ್ಚಿದ ದೀಪ. ಇವರದು ಕೊಡದೊಳಗೆ ಹಚ್ಚಿದ ದೀಪ. ಹೊಸದನ್ನು ಕೊಟ್ಟು ಹಳೆಯದನ್ನು ತಂದು ಬೀಗಹಾಕುವವನಿಗಿಂತ ಹೊಸದನ್ನೇ ಇಟ್ಟುಕೊಂಡು ಓಡಿಸುವವನು ಮೇಲು.

ಈ ವಾದವನ್ನು ನಮ್ಮ ದೇಶಕ್ಕೆ ಹಾಗೆಯೇ ಎತ್ತಿ ತರಲೂ ಕೂಡದು. ಐವತ್ತು ವರ್ಷಗಳನ್ನು ದಾಟಿದ ವಾಹನಗಳಿಗೆ ಭಾರತ ಸರ್ಕಾರವು 2021ರಲ್ಲಿ ಪ್ರತ್ಯೇಕವಾದ ನೋಂದಣಿಯನ್ನು ಏರ್ಪಡಿಸಿದೆ. ಆದರೆ ಹಾಗೆ ನೋಂದಾಯಿಸಿದುದನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮೊದಲಾದವುಗಳಿಗಲ್ಲದೆ ದಿನದ ಓಡಾಟಕ್ಕೆ ಉಪಯೋಗಿಸುವಂತಿಲ್ಲ. ದನ, ಮಗು, ಸೈಕಲ್ಲು, ಲಾರಿಗಳೆಲ್ಲ ಒಂದೇ ದಾರಿಯನ್ನು ಹಂಚಿಕೊಂಡಿರುವಲ್ಲಿ ಕ್ರೀಡೆಗೆ ಸ್ಥಳವೂ ಇಲ್ಲ.

ಇದು ಧನವಂತರ ಆಟಿಕೆಯ ಮಾತು, ನಮಗೇಕೆ ಎಂದು ವಾಚಕರು ಕೇಳಬಹುದು. ಬಂಡಿಯು ಅವರದಾದರೂ ಪ್ರಶ್ನೆಯು ನಮ್ಮದು. ನಮ್ಮ ಮನೆಗಳಲ್ಲಿಯೂ ಕೆಲವು ಕೆಲಸಗಳನ್ನು ಫಲಕ್ಕಾಗಿ ಮಾಡುತ್ತೇವೆ, ಕೆಲವನ್ನು ಮಾಡುವುದಕ್ಕಾಗಿಯೇ ಮಾಡುತ್ತೇವೆ. ಹಿಟ್ಟು ಬೀಸುವುದು ಮೊದಲನೆಯದು. ಅದನ್ನು ಗಿರಣಿಗೆ ಒಪ್ಪಿಸಿ ತಾಯಂದಿರ ತೋಳುಗಳನ್ನು ಬಿಡುಗಡೆ ಮಾಡಿದುದು ಪುಣ್ಯಕಾರ್ಯ. ಹಾಡುವುದು, ರಂಗೋಲಿಯನ್ನಿಡುವುದು, ಶ್ಲೋಕವನ್ನು ಕಂಠಸ್ಥ ಮಾಡುವುದು ಎರಡನೆಯವು. ಇವನ್ನು ಯಂತ್ರಕ್ಕೆ ಒಪ್ಪಿಸಿದರೆ ಉಳಿತಾಯವಾಗುವುದು ಶ್ರಮವಲ್ಲ, ಕಳೆದುಹೋಗುವುದು ನಾವೇ. ಈ ಎರಡನ್ನೂ ಬೇರೆಮಾಡಿ ನೋಡುವುದೇ ವಿವೇಕ. ಯಂತ್ರವು ಮಾಡಬಲ್ಲುದೆಂಬ ಒಂದೇ ಕಾರಣದಿಂದ ಎಲ್ಲವನ್ನೂ ಅದರ ಕೈಗೆ ಕೊಡಬೇಕೆನ್ನುವವನೂ, ಹಳೆಯದೆಂಬ ಒಂದೇ ಕಾರಣದಿಂದ ಎಲ್ಲವನ್ನೂ ಹಿಡಿದುಕೊಳ್ಳುವವನೂ ಸಮಾನವಾಗಿ ಯೋಚನೆಯನ್ನು ಬಿಟ್ಟವರು.

ಸ್ಟುಟ್‌ಗಾರ್ಟಿನ ತರುಣನು ತಲಪುವುದಕ್ಕೆ ರೈಲನ್ನೂ, ನಡೆಸುವುದಕ್ಕೆ ಹಳೆಯ ಬಂಡಿಯನ್ನೂ ಇಟ್ಟುಕೊಂಡಿದ್ದರೆ, ಅವನಿಗೆ ಈ ಭೇದವು ತಿಳಿದಿದೆಯೆಂದೇ ಹೇಳಬೇಕು. ಇದನ್ನು ಪಾಠಶಾಲೆಯ ಬುದ್ಧಿಯೆಂದು ಮಿತ್ರರು ಕರೆದುದು ನಿಂದೆಯಾಗಿರಲಿ. ಪಾಠಶಾಲೆಯ ಪರವಾಗಿ ನಾನು ಅದನ್ನು ಪ್ರಶಂಸೆಯೆಂದೇ ಸ್ವೀಕರಿಸುತ್ತೇನೆ.