ಕೆರೆ ತುಂಬಿತು, ಬೋರ್‌ವೆಲ್ ನೀರು ಟೆಸ್ಟ್ ಮಾಡ್ಸಿದ್ರಾ? (ಭಾಗ 4)

ಕೋಲಾರದ ತುಂಬಿದ ಕೆರೆಗಳ ರೀಲ್ಸ್ ಎಲ್ರೂ ನೋಡಿದೀವಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧಿಯಾಗಿ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಮುಂದಿನ ಕೆರೆಗಳಿಗೆ ಹರೀತಿದೆ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂತು. ಅದು ಸಣ್ಣ ಮಾತಲ್ಲ.

ಆದ್ರೆ ಇಂಗೋ ನೀರಿನ ಜೊತೆ ಏನು ಇಳಿಯುತ್ತೆ? ಕೆಸರು, ಒಂದಷ್ಟು ರೋಗಾಣುಗಳನ್ನ ಮಣ್ಣು ಸೋಸುತ್ತೆ. ನೈಟ್ರೇಟನ್ನ ಸೋಸಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ಕುದಿಸಿದ್ರೂ ಹೋಗಲ್ಲ. ನೀರು ಆವಿಯಾಗಿ ಉಳಿದಿದ್ದರಲ್ಲಿ ಇನ್ನೂ ಹೆಚ್ಚಾಗುತ್ತೆ. ಕುಡಿಯೋ ನೀರಲ್ಲಿ ಲೀಟರ್‌ಗೆ 45 ಮಿಲಿಗ್ರಾಂ ಮಿತಿ. ತೀರಾ ಮೀರಿದ ನೀರಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ್ರೆ ಎಳೆಗೂಸಿನ ರಕ್ತ ಸಾಕಷ್ಟು ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟಬಹುದು.

ಬೆಂಗಳೂರನ್ನ ಮಾತ್ರ ಬೈಯೋದು ಸುಲಭ. ನಮ್ಮ ಹೊಲದ ಯೂರಿಯಾ, ತಿಪ್ಪೆ, ಶೌಚದ ಗುಂಡಿಯಿಂದಲೂ ಇದೇ ನೈಟ್ರೇಟ್ ಇಳಿಯೋದು. (ಬೆಳೆ ಹೀರಿ ಮಿಕ್ಕಿದ್ದು ಇನ್ನೆಲ್ಲಿಗೆ ಹೋಗ್ಬೇಕು?) ಬೋರ್ ನೀರಲ್ಲೇ ನೈಟ್ರೇಟ್ ಇದ್ರೆ ಯೂರಿಯಾ ಕಮ್ಮಿ ಹಾಕ್ಬೋದು, ಆದ್ರೆ ಅದು ಗೊತ್ತಾಗೋಕೂ ಟೆಸ್ಟ್ ಬೇಕಲ್ಲ!

ಕೆರೆಗೆ ಬಿಡೋ ಮುಂಚೆ ಮೂರನೇ ಹಂತದ ಶುದ್ಧೀಕರಣ ಆಗ್ಲೇಬೇಕು, ಅದೂ ಸಾರಜನಕ ತೆಗೆಯೋ ಥರದ್ದು. ಜೊತೆಗೆ ಮಳೆಗಾಲದ ಮುಂಚೆ, ಆಮೇಲೆ, ಎರಡೂ ಸಲ ಊರಿನ ಬೋರ್‌ವೆಲ್ ರಿಪೋರ್ಟು ಪಂಚಾಯ್ತಿ ಗೋಡೆ ಮೇಲೆ ಅಂಟಿಸ್ಲಿ. ನಿಮ್ಮೂರಲ್ಲಿ ಅಂಟಿಸಿದಾರಾ? ಕಾಮೆಂಟಲ್ಲಿ ಹೇಳಿ.