ಮಿತವ್ಯಯದ ಯಂತ್ರ

ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಕಂಪನಿಯ ಕೈಗೆ ೧೯೮೫ನೆಯ ಇಸವಿಯ ಏಪ್ರಿಲ್ ೨೬ರಂದು ಒಂದು ಪುಟ್ಟ ಪ್ರೊಸೆಸರ್ ತಯಾರಾಗಿ ಬಂದಿತು. ಅದರ ಹೆಸರು ಆರ್ಮ್. ರೂಪಿಸಿದವರು ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್. ಅದು ಎಷ್ಟು ವಿದ್ಯುತ್ತನ್ನು ಬಳಸುವುದೆಂದು ಅಳೆಯಹೋದಾಗ ಮಾಪಕವು ಸೊನ್ನೆಯನ್ನು ತೋರಿಸಿತು! ಪ್ರೊಸೆಸರೋ, ಲೆಕ್ಕಗಳನ್ನು ಸರಿಯಾಗಿಯೇ ಮಾಡುತ್ತಿತ್ತು. ಪರೀಕ್ಷಿಸಿ ನೋಡಲಾಗಿ, ಅದಕ್ಕೆ ವಿದ್ಯುತ್ತಿನ ಸಂಪರ್ಕವೇ ಇರಲಿಲ್ಲ. ನೆರೆಯ ಭಾಗಗಳ ಸಂಕೇತಗಳೊಡನೆ ಸೋರಿ ಬಂದಷ್ಟರಿಂದಲೇ ಅದರ ನಿರ್ವಾಹ ನಡೆದಿತ್ತು.

ಇದು ಹಾಸಿಗೆಯಿದ್ದಷ್ಟು ಕಾಲು ಚಾಚಿದುದರ ಫಲ. ಬಹಳ ಬಿಸಿಯಾಗುವ ಪ್ರೊಸೆಸರಿಗೆ ದುಬಾರಿಯ ಪಿಂಗಾಣಿ ಕವಚ ಬೇಕು. ಅಗ್ಗದ ಪ್ಲಾಸ್ಟಿಕ್ ಕವಚವೇ ಸಾಕಾಗಬೇಕೆಂದು, ಬಳಕೆ ಒಂದು ವ್ಯಾಟನ್ನು ಮೀರಬಾರದೆಂಬ ಗುರಿಯನ್ನಿಟ್ಟುಕೊಂಡಿದ್ದರು. ರಚನೆ ಸರಳವಾಗಿದ್ದು, ಟ್ರಾನ್ಸಿಸ್ಟರುಗಳು ಸುಮಾರು ೨೫,೦೦೦ ಮಾತ್ರ ಇದ್ದುದರಿಂದ, ಬಳಕೆ ಆ ಗುರಿಯ ಹತ್ತನೆಯ ಒಂದು ಪಾಲಿಗಿಳಿಯಿತು.

ಮುಂದಿನ ಎರಡು ದಶಕಗಳಲ್ಲಿ ಟ್ರಾನ್ಸಿಸ್ಟರು ಕಿರಿದಾದಂತೆಲ್ಲ ವೋಲ್ಟೇಜನ್ನೂ ಇಳಿಸುತ್ತ ಬಂದರು. ವೋಲ್ಟೇಜು ಅರ್ಧವಾದರೆ ಪ್ರತಿಯೊಂದು ಕ್ರಿಯೆಗೆ ತಗಲುವ ಶಕ್ತಿ ಕಾಲುಭಾಗವಾಗುತ್ತದೆ. ಆದರೆ ೨೦೦೫ರ ಸುಮಾರಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿತು. ವೇಗ ಕುಂದದಂತೆ ಇನ್ನೂ ಇಳಿಸಹೋದರೆ, ಆರಿಸಿದ ಟ್ರಾನ್ಸಿಸ್ಟರೂ ವಿದ್ಯುತ್ತನ್ನು ಸೋರಗೊಡುತ್ತದೆ.

ಆದುದರಿಂದ ಮಿತವ್ಯಯದ ಹೊಣೆ ಕಂಪೈಲರಿನ ಮೇಲೂ ಬಿದ್ದಿದೆ. ಮನುಷ್ಯನು ಬರೆದ ಆಜ್ಞೆಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನವೇ ಕಂಪೈಲರ್. ಎರಡು ಸಂಖ್ಯೆಗಳನ್ನು ಕೂಡಿಸುವ ವೆಚ್ಚ ಅತ್ಯಲ್ಪ. ಅವನ್ನು ಹೊರಗಿನ ಮೆಮೊರಿಯಿಂದ ತರುವ ವೆಚ್ಚ ಅದರ ನೂರಾರು ಪಟ್ಟು. ಸಾಸಿವೆಗೊಮ್ಮೆ, ಕರಿಬೇವಿಗೊಮ್ಮೆ ಅಂಗಡಿಗೆ ಓಡುವ ಮನೆಯಲ್ಲಿ ಅಡುಗೆಗಿಂತ ಓಡಾಟದ ದಣಿವೇ ಹೆಚ್ಚು. ಜಾಣೆಯಾದ ಗೃಹಿಣಿ ಬೇಕಾದುದನ್ನೆಲ್ಲ ಮೊದಲೇ ಕೈಗೆಟಕುವಂತೆ ಇಟ್ಟುಕೊಳ್ಳುತ್ತಾಳೆ. ಒಳ್ಳೆಯ ಕಂಪೈಲರೂ ಹಾಗೆಯೇ. ಪದೇ ಪದೇ ಬೇಕಾಗುವ ಸಂಖ್ಯೆಗಳನ್ನು ಅದು ಪ್ರೊಸೆಸರಿನೊಳಗಣ ರಿಜಿಸ್ಟರುಗಳಲ್ಲಿಯೇ ಇರಿಸುತ್ತದೆ. ಅಕ್ಕಪಕ್ಕದಲ್ಲಿರುವುವನ್ನು ಒಟ್ಟಿಗೆ ಬಳಸುವಂತೆ ಕೆಲಸದ ಕ್ರಮವನ್ನು ಬದಲಿಸುತ್ತದೆ. ಎರಡು ಸಲ ಮಾಡುವ ಲೆಕ್ಕವನ್ನು ಒಂದೇ ಸಲಕ್ಕೆ ಮುಗಿಸುತ್ತದೆ. ಕೆಲಸ ಬೇಗ ಮುಗಿದಷ್ಟೂ ಪ್ರೊಸೆಸರಿಗೆ ತನ್ನ ಭಾಗಗಳನ್ನು ಆರಿಸಿ ವಿಶ್ರಮಿಸಲು ಅವಕಾಶ ಹೆಚ್ಚು.

ಜೇಬಿನ ಫೋನು ಸಂಜೆಯವರೆಗೆ ಬಾಳುವುದೂ, ಸಾವಿರಾರು ಕಂಪ್ಯೂಟರುಗಳನ್ನು ಕೂಡಿಟ್ಟ ಭವನಗಳ ವಿದ್ಯುತ್ ಬಿಲ್ಲು ತಗ್ಗುವುದೂ ಈ ಕಾಣದ ಜಾಣ್ಮೆಯ ಮೇಲೆ ನಿಂತಿದೆ. ಮನೆಯಲ್ಲಿ ಒಬ್ಬರು ಕೂಡಿಟ್ಟುದನ್ನು ಇನ್ನೊಬ್ಬರು ಚೆಲ್ಲಿದರೆ ತಿಂಗಳ ಕೊನೆಗೆ ಏನೂ ಉಳಿಯದು. ಅಂತೆಯೇ, ಯಂತ್ರವನ್ನು ಕಟ್ಟಿದವರು ಉಳಿಸಿದ ವಿದ್ಯುತ್ತನ್ನು ಅದಕ್ಕೆ ಆಜ್ಞೆ ಬರೆದವರು ಪೋಲು ಮಾಡದಿದ್ದರೆ ಮಾತ್ರ ಅದು ಉಳಿದೀತು.