ತಬ್ಬಲಿ ಹುಡುಗಿ ಬಂದ ಮನೆ

ತಂದೆತಾಯಿಯಿಲ್ಲದ ಹುಡುಗಿಯೊಬ್ಬಳು ಯಾರದೋ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಹಳೆಯ ಕಾಲದ ಎಷ್ಟೋ ಕಾದಂಬರಿಗಳು ಶುರುವಾಗುವುದೇ ಹೀಗೆ. ಸ್ವಿಟ್ಜರ್ಲೆಂಡಿನ ಯೊಹಾನಾ ಸ್ಪಿರಿಯವರ ‘ಹೈಡಿ’ (1880), ಎಲ್. ಎಂ. ಮಾಂಟ್‌ಗೊಮರಿಯವರ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ (1908), ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ ಅವರ ‘ದಿ ಸೀಕ್ರೆಟ್ ಗಾರ್ಡನ್’ (1911) ಇವತ್ತಿಗೂ ಓದುಗರನ್ನು ಹಿಡಿದಿಟ್ಟಿವೆ. ಇದಕ್ಕೆ ಕನಿಕರವೇ ಕಾರಣ ಎನ್ನುವವರಿದ್ದಾರೆ. ಕನಿಕರಕ್ಕೆ ಅಷ್ಟು ಆಯುಸ್ಸಿಲ್ಲ, ಕಣ್ಣೊರೆಸಿಕೊಂಡರೆ ಮುಗಿಯಿತು. ನೂರು ವರ್ಷ ದಾಟಿದ ಪುಸ್ತಕದಲ್ಲಿ ಬೇರೇನೋ ಇರಬೇಕು.

ಹೆತ್ತವರು ಮಗುವನ್ನು ಪ್ರೀತಿಸುವುದು ಲೋಕರೂಢಿ. ಆ ಪ್ರೀತಿ ಎಲ್ಲಿ ಶುರುವಾಯಿತೆಂದು ಯಾರೂ ಕೇಳುವುದಿಲ್ಲ. ತಬ್ಬಲಿಯ ವಿಷಯ ಹಾಗಲ್ಲ. ಅವಳನ್ನು ಪ್ರೀತಿಸಲೇಬೇಕಾದವರು ಯಾರೂ ಇಲ್ಲ. ಆದ್ದರಿಂದ ಅವಳಿಗೆ ಸಿಗುವ ಅಕ್ಕರೆಯ ಒಂದೊಂದು ಎಳೆಯೂ ನಮ್ಮ ಕಣ್ಣೆದುರೇ ಹುಟ್ಟಬೇಕು. ಈ ಕಾದಂಬರಿಗಳ ಸೊಗಸು ಇರುವುದು ಅಲ್ಲಿ ಎಂದು ನಾನು ನಂಬಿದ್ದೇನೆ.

ಮಾಂಟ್‌ಗೊಮರಿಯವರ ಕಾದಂಬರಿಯಲ್ಲಿ, ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಮ್ಯಾಥ್ಯೂ ಮತ್ತು ಮರಿಲ್ಲಾ ಮದುವೆಯಾಗದೆ ಮುಪ್ಪಾದ ಅಣ್ಣ ತಂಗಿ. ಹೊಲದ ಕೆಲಸಕ್ಕೊಬ್ಬ ಹುಡುಗ ಬೇಕೆಂದು ಹೇಳಿಕಳಿಸಿದವರಿಗೆ ಬಂದದ್ದು ಹನ್ನೊಂದು ವರ್ಷದ ಆ್ಯನ್. ಮುಂದೊಂದು ದಿನ, ಉಳಿದ ಹುಡುಗಿಯರ ಅಂಗಿಗಳಿಗೆ ಬುಗ್ಗೆ ತೋಳಿದೆ, ಇವಳದಕ್ಕಿಲ್ಲ ಎಂಬುದು ಮ್ಯಾಥ್ಯೂವಿನ ಕಣ್ಣಿಗೆ ಬೀಳುತ್ತದೆ. ಹೆಂಗಸರ ಎದುರು ಬಾಯಿ ಬಾರದ ಮುದುಕ ಬಟ್ಟೆ ತರಲು ಹೋಗಿ, ಅಂಗಡಿಯಲ್ಲಿ ಹೆಣ್ಣುಮಗಳನ್ನು ಕಂಡು ಗಲಿಬಿಲಿಗೊಂಡು, ಒಂದು ಕುಂಟೆಯನ್ನೂ ಇಪ್ಪತ್ತು ಪೌಂಡು ಕಂದು ಸಕ್ಕರೆಯನ್ನೂ ಹೊತ್ತು ಮನೆಗೆ ಬರುತ್ತಾನೆ. ಆದರೂ ಬಿಡದೆ ನೆರೆಯಾಕೆಯ ಕೈಲಿ ಅಂಗಿ ಹೊಲಿಸುತ್ತಾನೆ. ಹೆತ್ತ ತಂದೆ ಅಂಗಿ ತಂದುಕೊಟ್ಟಿದ್ದರೆ ಅದು ಕಥೆಯಾಗುತ್ತಿರಲಿಲ್ಲ.

ಇಲ್ಲಿ ಬೆಳೆಯುವವಳು ಹುಡುಗಿ ಮಾತ್ರವೇ? ಊರಿನೊಡನೆ ಮುನಿಸಿಕೊಂಡು ಆಲ್ಪ್ಸ್ ಬೆಟ್ಟದ ಮೇಲೆ ಒಂಟಿಯಾಗಿದ್ದ ಹೈಡಿಯ ಅಜ್ಜ, ಅವಳಿಗೆಂದು ಮೂರು ಕಾಲಿನ ಎತ್ತರದ ಸ್ಟೂಲನ್ನು ತಾನೇ ಮಾಡುತ್ತಾನೆ. ಕೊನೆಗೆ ಅವಳ ಕೈಹಿಡಿದು ಊರಿಗಿಳಿಯುತ್ತಾನೆ. ‘ದಿ ಸೀಕ್ರೆಟ್ ಗಾರ್ಡನ್’ನಲ್ಲಿ, ಹೆಂಡತಿ ಸತ್ತ ಮೇಲೆ ಅವಳ ತೋಟಕ್ಕೆ ಬೀಗ ಜಡಿದ ಕ್ರೇವನ್ ಹತ್ತು ವರ್ಷದ ನಂತರ ಮತ್ತೆ ಅದರೊಳಗೆ ಕಾಲಿಡುತ್ತಾನೆ. ಹುಡುಗಿ ದೊಡ್ಡವಳಾಗುವಷ್ಟರಲ್ಲಿ ದೊಡ್ಡವರೂ ಬದಲಾಗಿರುತ್ತಾರೆ.

ಈ ಅಕ್ಕರೆಯನ್ನೆಲ್ಲ ಅವಳು ಒಳ್ಳೆಯತನದ ಬೆಲೆ ತೆತ್ತು ಪಡೆದದ್ದೂ ಅಲ್ಲ. ಭಾರತದಲ್ಲಿ ಕಾಲರಾದಿಂದ ಹೆತ್ತವರನ್ನು ಕಳೆದುಕೊಂಡು ಯಾರ್ಕ್‌ಶೈರಿಗೆ ಬರುವ ‘ದಿ ಸೀಕ್ರೆಟ್ ಗಾರ್ಡನ್’ನ ಮೇರಿ ಸಿಡುಕಿ, ಹಟಮಾರಿ. ಕೂದಲಿನ ಬಣ್ಣವನ್ನು ಗೇಲಿ ಮಾಡಿದವನ ತಲೆಯ ಮೇಲೆ ಆ್ಯನ್ ಸ್ಲೇಟು ಒಡೆಯುತ್ತಾಳೆ. ಹಂಗಿನ ಅನ್ನ ಉಣ್ಣುವವರು ತಲೆತಗ್ಗಿಸಿರಬೇಕು ಎಂಬ ಮಾತಿಗೆ ಇವರು ಸೊಪ್ಪು ಹಾಕುವುದಿಲ್ಲ.

ನಿಜವಾದ ತಬ್ಬಲಿಗಳಿಗೆ ಇಂಥ ಮನೆ ಸಿಕ್ಕಿತೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 1869ರಿಂದ ಮುಂದಿನ ದಶಕಗಳಲ್ಲಿ ಬ್ರಿಟನ್ನಿನಿಂದ ಒಂದು ಲಕ್ಷಕ್ಕೂ ಹೆಚ್ಚು ಬಡ ಮಕ್ಕಳನ್ನು ಕೆನಡಾಕ್ಕೆ ಹಡಗು ಹತ್ತಿಸಿ, ಹೊಲಗದ್ದೆ ಮತ್ತು ಮನೆಗೆಲಸಕ್ಕೆ ಹಚ್ಚಲಾಯಿತು. ಅವರಲ್ಲಿ ಬಹಳಷ್ಟು ಮಂದಿಗೆ ಹೆತ್ತವರು ಇದ್ದರು. ಹೆಚ್ಚಾಗಿ ಬಡತನವೇ ಅವರನ್ನು ಅಗಲಿಸಿತ್ತು. ಮಾಂಟ್‌ಗೊಮರಿಯವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಎರಡು ವರ್ಷ ತುಂಬುವ ಮೊದಲೇ ಕ್ಷಯರೋಗಕ್ಕೆ ತಾಯಿಯನ್ನು ಕಳೆದುಕೊಂಡು ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆದವರು ಅವರು. ಅವರ ಕಾದಂಬರಿಯ ಆ್ಯನ್ ಕೂಡ ಹಿಂದಿನ ಮನೆಗಳಲ್ಲಿ ಕೂಸುಗಳನ್ನು ಎತ್ತಿ ಆಡಿಸುತ್ತ ದುಡಿದೇ ಬಂದವಳು. ಮಗುವೆಂದರೆ ಎರಡು ದುಡಿಯುವ ಕೈ ಎಂದು ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ಆ ಲೆಕ್ಕ ತಪ್ಪಿದ ಮನೆಯೊಂದರ ಕಥೆ ಬರೆಯುವುದು ವಾಸ್ತವಕ್ಕೆ ಬೆನ್ನು ತಿರುಗಿಸುವುದಲ್ಲ. ಅದನ್ನು ಎದುರು ನಿಂತು ಪ್ರಶ್ನಿಸುವುದು.

ಆ ಮನೆಯ ಮರಿಲ್ಲಾ ಬಿಗಿ ಮನಸ್ಸಿನ ಹೆಂಗಸು. ಹುಡುಗಿಯನ್ನು ತಿದ್ದಿದ್ದಾಳೆ, ಗದರಿದ್ದಾಳೆ, ಅಕ್ಕರೆಯ ಮಾತು ಆಡಿದವಳಲ್ಲ. ಮ್ಯಾಥ್ಯೂ ಸತ್ತ ರಾತ್ರಿ ಅಳುತ್ತಿರುವ ಆ್ಯನ್ ಬಳಿ ಬಂದು, ನೀನು ನನಗೆ ಸ್ವಂತ ರಕ್ತಮಾಂಸದಷ್ಟೇ ಪ್ರಿಯಳು ಎಂಬರ್ಥದ ಮಾತು ಹೇಳುತ್ತಾಳೆ. ಅಷ್ಟು ಹೇಳಲು ಅವಳಿಗೆ ಐದು ವರ್ಷ ಬೇಕಾಯಿತು. ಆ ಐದು ವರ್ಷವನ್ನು ಜೊತೆಗಿದ್ದು ಕಳೆದ ಓದುಗರಿಗೆ ಮಾತ್ರ ಆ ಮಾತಿನ ತೂಕ ಗೊತ್ತು.